ಎಕ್ಸ್‌ವಿ೬ ಕರ್ನೆಲಿನಲ್ಲಿ ಇಂಟರಪ್ಟು ನಿರ್ವಹಣೆ: ಒಂದು ವಿಮರ್ಶೆ

ಗಣಕಯಂತ್ರದ ಕರ್ನೆಲು, ಎಂದರೆ ಯಂತ್ರದ ಸಮಸ್ತ ವ್ಯವಹಾರವನ್ನೂ ತನ್ನ ಅಂಕೆಯಲ್ಲಿಟ್ಟುಕೊಂಡಿರುವ ಮೂಲಕ್ರಮವಿಧಿ, ಇತಿಹಾಸದ ಅಧ್ಯಾಪಕರ ವಿಮರ್ಶೆಗೆ ವಸ್ತುವಾಗಬಹುದೇ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಮನುಷ್ಯರು ಬರೆದು, ತಿದ್ದಿ, ನಕಲು ಮಾಡಿ, ಶಿಷ್ಯರಿಗೆ ಒಪ್ಪಿಸುತ್ತ ಬಂದ ಯಾವ ಬರಹವೂ ನಮ್ಮ ಶಾಸ್ತ್ರಕ್ಕೆ ಹೊರಗಿನದಲ್ಲ. ಅದರಲ್ಲಿಯೂ ಎಕ್ಸ್‌ವಿ೬ ತನ್ನ ವಂಶಾವಳಿಯನ್ನು ತಾನೇ ಹೇಳಿಕೊಳ್ಳುವ ಕೃತಿ. ವಂಶಾವಳಿ ಕಂಡಲ್ಲಿ ಅದನ್ನು ಪರೀಕ್ಷಿಸದೆ ಬಿಡುವ ಅಭ್ಯಾಸ ನಮಗಿಲ್ಲ.

ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪಾಠದ ಸಲುವಾಗಿ ೨೦೦೬ರಲ್ಲಿ ಆರಂಭವಾದ ಈ ಕರ್ನೆಲನ್ನೂ ಅದರ ಜೊತೆಯ ಪುಸ್ತಕವನ್ನೂ ರೂಪಿಸಿದವರು ರಸ್ ಕಾಕ್ಸ್, ಫ್ರಾನ್ಸ್ ಕಾಶೂಕ್ ಮತ್ತು ರಾಬರ್ಟ್ ಮಾರಿಸ್. ಮೊದಲು ಇಂಟೆಲ್ ಮಾದರಿಯ ಪ್ರೊಸೆಸರಿಗಾಗಿ ಬರೆದುದನ್ನು ೨೦೧೯ರಲ್ಲಿ ರಿಸ್ಕ್-ಫೈವ್ ಎಂಬ ಹೊಸ ಪ್ರೊಸೆಸರು ಮಾದರಿಗೆ ಒಗ್ಗಿಸಲಾಯಿತು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿಯವರ ಯೂನಿಕ್ಸಿನ ಆರನೆಯ ಆವೃತ್ತಿಯ (೧೯೭೫) ಪುನಾರಚನೆಯೆಂದು ಅದು ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಆ ಆರನೆಯ ಆವೃತ್ತಿಗೆ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅವರು ೧೯೭೦ರ ದಶಕದಲ್ಲಿಯೇ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದಿದ್ದರು. ಮೂಲ, ವ್ಯಾಖ್ಯಾನ, ಅದನ್ನು ಓದಿದ ಶಿಷ್ಯಪರಂಪರೆ, ಆಮೇಲೆ ಹೊಸ ಮೂಲ: ಈ ಕ್ರಮ ನಮ್ಮ ವಾಚಕರಿಗೆ ಅಪರಿಚಿತವಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಆ ಕೃತಿಯ ಒಂದೇ ಭಾಗವನ್ನು ಎತ್ತಿಕೊಂಡಿದ್ದೇವೆ: ಒಂದೊಂದು ಕೋರಿಗೂ ಬರುವ ಇಂಟರಪ್ಟುಗಳನ್ನು ನಿರ್ವಹಿಸುವ ಡ್ರೈವರು. ಇಂಟರಪ್ಟೆಂದರೆ ಪ್ರೊಸೆಸರು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ ತನ್ನ ಕಡೆಗೆ ನೋಡಬೇಕೆಂದು ಒಂದು ಸಾಧನ ಕಳುಹಿಸುವ ಕರೆ. ಕೋರ್ ಎಂದರೆ ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ಸ್ವತಂತ್ರವಾಗಿ ದುಡಿಯುವ ಹಲವು ಪ್ರೊಸೆಸರುಗಳಲ್ಲಿ ಒಂದು. ರಿಸ್ಕ್-ಫೈವ್ ಪರಿಭಾಷೆಯಲ್ಲಿ ಹಾರ್ಟ್.

ಆರನೆಯ ಆವೃತ್ತಿ ಓಡುತ್ತಿದ್ದ ಪಿ.ಡಿ.ಪಿ.-೧೧ ಯಂತ್ರದಲ್ಲಿ ಪ್ರೊಸೆಸರು ಒಂದೇ. ಅಲ್ಲಿ ಕರ್ನೆಲಿನ ಯಾವುದೇ ಭಾಗ ಮುಖ್ಯವಾದ ಪಟ್ಟಿಯೊಂದನ್ನು ತಿದ್ದುವ ಮುನ್ನ ಪ್ರೊಸೆಸರಿನ ಆದ್ಯತಾಮಟ್ಟವನ್ನು ಏರಿಸುತ್ತಿತ್ತು. ಕೆಳಮಟ್ಟದ ಕರೆಗಳು ಬಾಗಿಲಲ್ಲಿ ಕಾಯುತ್ತಿದ್ದವು. ತಿದ್ದಿದ ಮೇಲೆ ಮಟ್ಟವನ್ನು ಇಳಿಸಿದರಾಯಿತು. ಕರೆಯನ್ನು ತಡೆದರೆ ಒಳಗೆ ಬೇರೆ ಯಾರೂ ಇಲ್ಲ ಎಂಬುದು ಆ ಕಾಲದ ನಿಯಮ, ಮತ್ತು ಆ ಯಂತ್ರದ ಮಟ್ಟಿಗೆ ಅದು ನಿಜ. ಹಲವು ಕೋರುಗಳ ಯಂತ್ರದಲ್ಲಿ ಈ ನಿಯಮ ಬಿದ್ದುಹೋಗುತ್ತದೆ. ಒಂದು ಕೋರ್ ತನ್ನ ಬಾಗಿಲನ್ನು ಮುಚ್ಚಿಕೊಂಡರೆ ಮುಚ್ಚುವುದು ಅದರ ಬಾಗಿಲು ಮಾತ್ರ. ಪಕ್ಕದ ಕೋರ್ ಅದೇ ಪಟ್ಟಿಯನ್ನು ಅದೇ ಕ್ಷಣದಲ್ಲಿ ತಿದ್ದುತ್ತಿರಬಹುದು.

ಈ ಬದಲಾವಣೆಯ ಗುರುತು ಎಕ್ಸ್‌ವಿ೬ರ ಹಳೆಯ ಇಂಟೆಲ್ ಪಾಠದಲ್ಲಿ ಸ್ಪಷ್ಟವಾಗಿ ಉಳಿದಿತ್ತು. ೧೯೮೧ರ ಐ.ಬಿ.ಎಂ. ಪಿ.ಸಿ.ಯಲ್ಲಿ ಎಲ್ಲ ಕರೆಗಳನ್ನೂ ಒಂದೇ ಪ್ರೊಸೆಸರಿಗೆ ತಲುಪಿಸುತ್ತಿದ್ದುದು ೮೨೫೯ಎ ಎಂಬ ಚಿಪ್ಪು. ೧೯೯೪ರಲ್ಲಿ ಇಂಟೆಲ್ ಸಂಸ್ಥೆ ಪೆಂಟಿಯಂ ಪ್ರೊಸೆಸರಿನೊಳಗೇ ಲೋಕಲ್ ಏಪಿಕ್ ಎಂಬ ನಿಯಂತ್ರಕವನ್ನು ಸೇರಿಸಿತು. ಅಲ್ಲಿಂದ ಮುಂದೆ ಪ್ರೊಸೆಸರಿಗೊಂದು ನಿಯಂತ್ರಕ. ಸ್ವಾರಸ್ಯವೆಂದರೆ ಎಲ್ಲ ಕೋರುಗಳೂ ಅದನ್ನು ಒಂದೇ ವಿಳಾಸದಲ್ಲಿ ಓದುತ್ತವೆ, ಆದರೆ ಪ್ರತಿಯೊಂದಕ್ಕೂ ಅಲ್ಲಿ ಕಾಣುವುದು ತನ್ನ ನಿಯಂತ್ರಕ ಮಾತ್ರ. ಹಳೆಯ ೮೨೫೯ಎಗೆ ಎಕ್ಸ್‌ವಿ೬ ಕೊಡುತ್ತಿದ್ದುದು ಒಂದೇ ಆಜ್ಞೆ: ಎಲ್ಲ ಕರೆಗಳನ್ನೂ ಮುಚ್ಚಿ ಸುಮ್ಮನಿರು ಎಂದು. ಹಳೆಯ ಶಾಸನವನ್ನು ಅರ್ಧ ಅಳಿಸಿ ಅದೇ ಕಲ್ಲಿನ ಮೇಲೆ ಹೊಸದನ್ನು ಕೊರೆದದ್ದನ್ನು ನೋಡಿದವರಿಗೆ ಆ ಕೆಲವು ಸಾಲುಗಳು ಎಷ್ಟು ಬೆಲೆಯುಳ್ಳವೆಂದು ನಾವು ಹೇಳಬೇಕಾಗಿಲ್ಲ. ರಿಸ್ಕ್-ಫೈವ್ ಪಾಠದಲ್ಲಿ ಅವು ಇಲ್ಲ. ಇರಲು ಕಾರಣವೂ ಇಲ್ಲ. ಆದರೆ ಹೊಸ ಪಾಠವನ್ನು ಮಾತ್ರ ಓದುವ ವಿದ್ಯಾರ್ಥಿಗೆ, ಕೋರಿಗೊಂದು ನಿಯಂತ್ರಣವೆಂಬುದು ಆದಿಯಿಂದಲೂ ಹಾಗೆಯೇ ಇದ್ದಿತೆಂಬ ಭ್ರಮೆ ಹುಟ್ಟುತ್ತದೆ.

ಹೊಸ ಪಾಠದಲ್ಲಿ ಹೊರಗಿನ ಸಾಧನಗಳ ಕರೆಗಳನ್ನು ಹಂಚುವುದು ಪ್ಲಿಕ್ ಎಂಬ ನಿಯಂತ್ರಕ. ಅದರ ಡ್ರೈವರು ಐವತ್ತು ಸಾಲುಗಳನ್ನು ಮೀರದು. ಅದರಲ್ಲಿ ಸಿದ್ಧತೆಯ ಕೆಲಸ ಎರಡಾಗಿ ಒಡೆದಿದೆ. ಮೊದಲ ಕಾರ್ಯ ಯಂತ್ರಕ್ಕೆಲ್ಲ ಒಮ್ಮೆ ನಡೆದು ಡಿಸ್ಕಿನ ೧ನೆಯ ಕರೆಗೂ ಟರ್ಮಿನಲಿನ ೧೦ನೆಯ ಕರೆಗೂ ಆದ್ಯತೆಯನ್ನು ಕೊಡುತ್ತದೆ. ಎರಡನೆಯದನ್ನು ಪ್ರತಿ ಹಾರ್ಟೂ ತಾನೇ ನಡೆಸಿ, ಆ ಕರೆಗಳು ತನಗೂ ಬರಲೆಂದು ಒಪ್ಪಿಗೆ ಬರೆದುಕೊಡುತ್ತದೆ. ಕರೆ ಬಂದಾಗ ಒಪ್ಪಿಗೆ ಕೊಟ್ಟ ಹಾರ್ಟುಗಳೆಲ್ಲ ಎಚ್ಚರಗೊಳ್ಳಬಹುದು. ಮೊದಲು ಹಕ್ಕು ಹೇಳಿದ್ದಕ್ಕೆ ಕರೆಯ ಸಂಖ್ಯೆ ಸಿಗುತ್ತದೆ, ತಡವಾಗಿ ಬಂದದ್ದಕ್ಕೆ ಸೊನ್ನೆ ಸಿಕ್ಕಿ ಅದು ಹಿಂದಿರುಗುತ್ತದೆ. ಅಚ್ಚುಕಟ್ಟಾದ ಬರವಣಿಗೆ. ಇದರಷ್ಟು ಚಿಕ್ಕದಾಗಿ, ಇದರಷ್ಟು ನಿಸ್ಸಂದಿಗ್ಧವಾಗಿ ಈ ವಿಷಯವನ್ನು ನಿರೂಪಿಸಿದ ಬೇರೆ ಕೃತಿಯನ್ನು ನಾವು ಓದಿಲ್ಲ.

ಆದರೆ ಅದರ ಟಿಪ್ಪಣಿಗಳು ಏನು ಮಾಡಲಾಗುತ್ತಿದೆ ಎಂಬುದನ್ನು ಹೇಳುತ್ತವೆ, ಏಕೆ ಎಂಬುದನ್ನು ಹೇಳುವುದಿಲ್ಲ. ಇದರ ಫಲವನ್ನು ನಾವೇ ಉಂಡಿದ್ದೇವೆ. ಕೆಲವು ವಿದ್ಯಾರ್ಥಿಗಳೊಡನೆ ಕುಳಿತು ಈ ಡ್ರೈವರನ್ನು ಮೊದಲಿನಿಂದ ಬರೆದಾಗ, ಎರಡನೆಯ ಕಾರ್ಯವನ್ನು ಮೊದಲ ಹಾರ್ಟಿನಲ್ಲಿ ಮಾತ್ರ ನಡೆಸಿ ಉಳಿದವುಗಳಲ್ಲಿ ಮರೆತೆವು. ಯಂತ್ರ ಎದ್ದಿತು, ಅಕ್ಷರಗಳು ಮೂಡಿದವು, ಡಿಸ್ಕು ಉತ್ತರಕೊಟ್ಟಿತು. ಮೂರು ಹಾರ್ಟುಗಳ ಯಂತ್ರದಲ್ಲಿ ಸಾಧನಗಳ ಕರೆಗಳನ್ನೆಲ್ಲ ಒಂದೇ ಹಾರ್ಟು ಹೊರುತ್ತಿತ್ತು, ಇನ್ನೆರಡಕ್ಕೆ ಅವುಗಳ ಸುದ್ದಿಯೇ ಇರಲಿಲ್ಲ. ನಾವು ತೃಪ್ತರಾಗಿ ಮನೆಗೆ ಹೋದೆವು! ಮರುವಾರ ಮೂಲದೊಡನೆ ಹೋಲಿಸಿ ನೋಡಿದಾಗಲೇ ತಪ್ಪು ಕಂಡದ್ದು. ಸದ್ದುಮಾಡದ ಇಂಥ ತಪ್ಪುಗಳಿಗೆ ಕಾರಣ ಹೇಳುವ ಟಿಪ್ಪಣಿಯೊಂದೇ ಮದ್ದು.

ಇನ್ನೊಂದು ಸ್ಥಳದಲ್ಲಿ ಕರ್ತೃಗಳು ಕಾರಣವನ್ನೂ ಕೊಟ್ಟಿದ್ದಾರೆ. ತಾನು ಯಾವ ಕೋರಿನ ಮೇಲಿದ್ದೇನೆಂದು ಕರ್ನೆಲು ಕೇಳಿಕೊಳ್ಳುವ ಕಾರ್ಯವನ್ನು ಇಂಟರಪ್ಟುಗಳನ್ನು ತಡೆದೇ ಕರೆಯಬೇಕೆಂದು ಅಲ್ಲಿ ಎಚ್ಚರಿಕೆಯಿದೆ. ತಡೆಯದಿದ್ದರೆ, ಉತ್ತರ ಕೈಗೆ ಬರುವಷ್ಟರಲ್ಲಿ ಗಡಿಯಾರದ ಕರೆ ಬಂದು ಆ ಕೆಲಸವನ್ನೇ ಮತ್ತೊಂದು ಕೋರಿಗೆ ಒಯ್ದಿರಬಹುದು. ಕೈಯಲ್ಲಿರುವ ಸಂಖ್ಯೆ ಬಿಟ್ಟುಬಂದ ಮನೆಯದಾಗಿರುತ್ತದೆ. ತಡೆ ಎಷ್ಟು ಪದರ ಆಳವಾಗಿದೆ, ಮೊದಲ ಪದರಕ್ಕೆ ಮುನ್ನ ಬಾಗಿಲು ತೆರೆದಿತ್ತೇ ಮುಚ್ಚಿತ್ತೇ ಎಂಬ ಎರಡು ಲೆಕ್ಕಗಳನ್ನೂ ಕೋರ್‌ಕೋರಿಗೆ ಬೇರೆಯಾಗಿಯೇ ಇಟ್ಟಿದ್ದಾರೆ. ಲಯನ್ಸರ ಕಾಲದಲ್ಲಿ ಕೇಳುವ ಪ್ರಮೇಯವೇ ಇರದಿದ್ದ ಪ್ರಶ್ನೆಗಳಿವು. ಪುನಾರಚನೆ ಎಂಬ ಮಾತು ಇಲ್ಲಿ ಸಲ್ಲದು. ಕಡತವ್ಯವಸ್ಥೆಯಲ್ಲಿ ಮೊಮ್ಮಗನಿಗೆ ತಾತನ ಮುಖವಿದೆ. ಇಂಟರಪ್ಟು ಭಾಗ ಬೇರೊಂದು ಮನೆತನದ್ದು. ವಂಶಾವಳಿಯಲ್ಲಿ ಇದನ್ನು ಒಪ್ಪಿಕೊಂಡಿದ್ದರೆ ಕೃತಿಯ ಗೌರವ ಹೆಚ್ಚುತ್ತಿತ್ತೆಂಬುದು ನಮ್ಮ ಅಭಿಪ್ರಾಯ.

ಪುಸ್ತಕದ ಅಧ್ಯಾಯಕ್ರಮದ ಬಗೆಗೂ ನಮ್ಮ ಆಕ್ಷೇಪವಿದೆ. ಇಂಟರಪ್ಟು ಮತ್ತು ಡ್ರೈವರುಗಳ ಅಧ್ಯಾಯ ಮುಂದೆ ಬಂದು, ಬೀಗಗಳ ಅಧ್ಯಾಯ ಅದರ ಹಿಂದೆ ಬರುತ್ತದೆ. ಒಬ್ಬನೇ ಪ್ರೊಸೆಸರಿದ್ದ ಕಾಲಕ್ಕೆ ಒಪ್ಪುವ ಕ್ರಮ ಇದು. ಡ್ರೈವರುಗಳಲ್ಲಿ ಏಕಕಾಲದ ಅಪಾಯಗಳನ್ನು ಕುರಿತ ಚಿಕ್ಕ ಪ್ರಕರಣವೊಂದು ಮೊದಲ ಅಧ್ಯಾಯದಲ್ಲಿಯೇ ಇದೆ, ನಿಜ. ಟರ್ಮಿನಲನ್ನು ಓದುತ್ತಿರುವಾಗ ಕರೆ ಅದೇ ಕೋರಿಗೆ ಬರಬಹುದು, ಬೇರೆ ಕೋರಿಗೂ ಬರಬಹುದು ಎಂಬ ಭೇದವನ್ನು ಅದು ಸರಿಯಾಗಿ ಗುರುತಿಸುತ್ತದೆ. ಮೊದಲನೆಯ ಅಪಾಯಕ್ಕೆ ಬಾಗಿಲು ಮುಚ್ಚುವುದು ಸಾಕು, ಎರಡನೆಯದಕ್ಕೆ ಬೀಗವೇ ಬೇಕು. ಬೀಗವನ್ನು ಹಾಕುವ ಕಾರ್ಯ ಮೊದಲು ಬಾಗಿಲು ಮುಚ್ಚಿ ಆಮೇಲೆ ಬೀಗ ಹಿಡಿಯುವುದು ಇದರಿಂದಲೇ. ತರಗತಿಯಲ್ಲಿ ನಾವು ಈ ಎರಡು ಅಧ್ಯಾಯಗಳನ್ನು ಅದಲುಬದಲು ಮಾಡಿ ಓದಿಸಿದ್ದೇವೆ. ಬೀಗದ ಮಾತನ್ನು ಮೊದಲು ಕೇಳಿದ ವಿದ್ಯಾರ್ಥಿಗಳು ಪ್ಲಿಕ್ ಡ್ರೈವರಿನ ಇಬ್ಭಾಗಕ್ಕೆ ಕಾರಣವನ್ನು ತಾವೇ ಊಹಿಸಿದರು.

ಗಡಿಯಾರದ ವಿಷಯ ಒಂದಿದೆ. ಪ್ರತಿ ಹಾರ್ಟಿಗೂ ತನ್ನದೇ ಗಡಿಯಾರದ ಕರೆ, ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೊಮ್ಮೆ, ಬರುತ್ತದೆ. ಆದರೆ ಎಲ್ಲರಿಗೂ ಸಾಮಾನ್ಯವಾದ ಕಾಲದ ಲೆಕ್ಕವನ್ನು ಒಂದು ಮುಂದಕ್ಕೆ ಹಾಕುವ ಅಧಿಕಾರ ಸೊನ್ನೆಯ ಹಾರ್ಟಿಗೆ ಮಾತ್ರ. ಇತರವು ತಮ್ಮ ಕೆಲಸವನ್ನು ಬದಲಿಸಿಕೊಳ್ಳಲು ಮಾತ್ರ ಆ ಕರೆಯನ್ನು ಬಳಸುತ್ತವೆ. ಎಲ್ಲವೂ ಲೆಕ್ಕ ಬರೆದಿದ್ದರೆ ಮೂರು ಹಾರ್ಟುಗಳ ಯಂತ್ರದಲ್ಲಿ ಕಾಲ ಮೂರು ಪಟ್ಟು ವೇಗವಾಗಿ ಓಡುತ್ತಿತ್ತು. ಇಂಟೆಲ್ ಪಾಠದಲ್ಲಿಯೂ ಈ ಏರ್ಪಾಡು ಹೀಗೆಯೇ ಇದ್ದಿತು. ಎರಡು ಪಾಠಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವರು ಶೋಧವನ್ನು ಈ ಸಾಲಿನಿಂದ ಆರಂಭಿಸುವುದು ಅನುಕೂಲ.