ಗೆರೆ ಒಂದು, ಗಾಂಧಾರ ಹಲವು

ಪಂಪ ತನ್ನ ಕಾವ್ಯದ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡ ಎಂದು ಕರೆದುಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. 'ತಿರುಳು' ಎಂಬ ಈ ಮಾತನ್ನು ಚಿಹ್ನೆಗಳ ವಿಚಾರಕ್ಕೂ ಹಚ್ಚಿ ನೋಡಬಹುದು: ಬರೆದಿಟ್ಟ ಗುರುತಿನಲ್ಲಿ ತಿರುಳು ಎಷ್ಟು ಉಳಿಯುತ್ತದೆ?

ಗಣಿತದಲ್ಲಿ ಬಹುಪಾಲು ಉಳಿಯುತ್ತದೆ. 1557ರಲ್ಲಿ ರಾಬರ್ಟ್ ರೆಕಾರ್ಡ್ 'ಸಮ' ಎಂದು ಮತ್ತೆ ಮತ್ತೆ ಬರೆಯುವ ಬೇಸರಕ್ಕೆ ಎರಡು ಸಮಾನಾಂತರ ಗೆರೆ ಎಳೆದ. ಅವೆರಡಕ್ಕಿಂತ ಹೆಚ್ಚು ಸಮವಾದದ್ದು ಬೇರೆ ಇಲ್ಲ ಎಂಬುದು ಅವನ ಸಮರ್ಥನೆ. ಆದರೆ ಗುರುತಿಲ್ಲದೆಯೂ ಗಣಿತ ನಡೆದಿತ್ತು. ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಶ್ಲೋಕಗಳಲ್ಲೇ ಬರೆದ. ಅಲ್ಲಿ ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು. ರೂಪ ಬೇರೆಯಾದರೂ ಲೆಕ್ಕ ಕೆಡಲಿಲ್ಲ.

ಸಂಗೀತದ ಗುರುತು ಹಾಗಲ್ಲ. ಭಾತಖಂಡೆಯವರ ಪದ್ಧತಿಯಲ್ಲಿ ಸ್ವರದ ಕೆಳಗೆ ಅಡ್ಡಗೆರೆ ಎಳೆದರೆ ಕೋಮಲ, ಮಧ್ಯಮದ ಮೇಲೆ ನೆಟ್ಟಗೆರೆ ಎಳೆದರೆ ತೀವ್ರ, ಚುಕ್ಕೆ ಮೇಲಿದ್ದರೆ ತಾರಸಪ್ತಕ, ಕೆಳಗಿದ್ದರೆ ಮಂದ್ರ. ಎಷ್ಟು ಅಚ್ಚುಕಟ್ಟು! ಆದರೆ ಭೀಮಪಲಾಸಿಯ ಗಾಂಧಾರಕ್ಕೂ ದರ್ಬಾರಿಯ ಗಾಂಧಾರಕ್ಕೂ ಅದೇ ಒಂದು ಅಡ್ಡಗೆರೆ. ದರ್ಬಾರಿಯಲ್ಲಿ ಆ ಸ್ವರ ನಿಧಾನವಾಗಿ ತೂಗುತ್ತದೆ. ಆ ತೂಗಾಟವೇ ರಾಗದ ಜೀವ. ಗೆರೆ ಸ್ವರದ ಮನೆ ತೋರಿಸುತ್ತದೆ, ಮನೆಯೊಳಗಿನ ಓಡಾಟವನ್ನಲ್ಲ.

ಹಾಗಾದರೆ ಲಿಪಿಯೇ ಬೇಡವೇ? ಗುರುಮುಖವೊಂದೇ ಸಾಕು ಎನ್ನುವವರು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ತೋರಿಸಬಹುದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು (1914–2010) ಈ ಅಡ್ಡಗೆರೆಗಳನ್ನು ನೋಡದೆಯೇ ರಾಗಗಳನ್ನು ಶಿಷ್ಯರ ಕಂಠಕ್ಕೆ ದಾಟಿಸಿದರು. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಬ್ರೈಲ್‌ನಲ್ಲಿದೆ. ಸ್ವತಃ ಆರ್ಗನ್ ವಾದಕನಾಗಿದ್ದ ಲೂಯಿ ಬ್ರೈಲ್ 1829ರಲ್ಲಿ ತನ್ನ ಚುಕ್ಕೆಗಳನ್ನು ಪ್ರಕಟಿಸಿದ್ದೇ ಮಾತು, ಸಂಗೀತ ಎರಡಕ್ಕೂ. ಅದರ ಒಂದು ಮೂರು ಚುಕ್ಕೆಗಳ ಗುಂಪು ಭಾರತಿ ಬ್ರೈಲ್‌ನಲ್ಲಿ 'ದ'. ಮುಂದೆ ಸಂಖ್ಯಾಸೂಚಿ ಬಂದರೆ 4. ಪಾಶ್ಚಾತ್ಯ ಸಂಗೀತದ ಹಾಳೆಯಲ್ಲಿ 'ಡೋ' ಸ್ವರ. ಬೆರಳಿಗೆ ತಾಗುವುದು ಒಂದೇ. ಅರ್ಥವನ್ನು ಕೊಡುವುದು ಓದುವವರ ನಡುವಿನ ಒಪ್ಪಂದ.

ಆದ್ದರಿಂದ ಸ್ವರಲಿಪಿ ಗಮಕವನ್ನು ಹಿಡಿಯದು ಎಂಬ ದೂರು ಅರ್ಥವಿಲ್ಲದ್ದು. ಅದು ಹಿಡಿಯುತ್ತೇನೆಂದು ಹೇಳಿಯೇ ಇಲ್ಲ. ತಪ್ಪಾಗುವುದು ಪುಸ್ತಕ ನೋಡಿ ಹಾಡಿದ್ದನ್ನೇ ರಾಗವೆಂದು ನಂಬಿಸಿದಾಗ, ಸೂತ್ರ ಬಾಯಿಪಾಠ ಮಾಡಿದ್ದನ್ನೇ ಗಣಿತವೆಂದು ಅಂಕ ಕೊಟ್ಟಾಗ. ಹಲಗೆ ಬಳಪ ಹಿಡಿಯದ್ದೇ ತನ್ನ ಹೆಚ್ಚುಗಾರಿಕೆ ಎಂದು ಹೆಮ್ಮೆಪಟ್ಟ ಕುಮಾರವ್ಯಾಸನೂ ಗದುಗಿನವನೇ. ಆದರೆ ಅವನ ಕಾವ್ಯ ನಮಗೆ ತಲುಪಿದ್ದು ಯಾರೋ ಓಲೆಯ ಮೇಲೆ ಬರೆದಿಟ್ಟಿದ್ದರಿಂದ.