ಗಡ್ಡ, ಮಾಲೆ ಮತ್ತು ಕೆಲಸದ ಜಾಗ: ಜುಬೇರ್ ತೀರ್ಪಿನ ಒಂದು ಓದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ)

ನಾನು ಧಾರೂರಿನ ಮನೆಯಿಂದಲೇ ಮಾತಾಡ್ತಾ ಇದ್ದೀನಿ. ಇಲ್ಲಿ ನೆಟ್‌ವರ್ಕ್ ಕೈಕೊಡೋದು ರೂಢಿ ಅದ. ಧ್ವನಿ ಒಡೆದರೆ ಚಾಟ್‌ನಲ್ಲಿ ತಿಳಿಸ್ರಿ.

1. ಪ್ರಶ್ನೆ ಹುಟ್ಟಿದ್ದು ಎಲ್ಲಿ

ಧಾರೂರು ಇರುವುದು ವಿಕಾರಾಬಾದಿಗೂ ತಾಂಡೂರಿಗೂ ನಡುವೆ. ನಮ್ಮ ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು. ನವೆಂಬರ್ ಬಂತೆಂದರೆ ಒಂದು ಕಡೆ ಮೆಥೊಡಿಸ್ಟ್ ಕ್ರೈಸ್ತರ ಜಾತ್ರೆ, ಇನ್ನೊಂದು ಕಡೆ ಕಪ್ಪು ಬಟ್ಟೆಯ ಅಯ್ಯಪ್ಪ ಮಾಲಾಧಾರಿಗಳು. ಹಣೆಗೆ ವಿಭೂತಿ ಹಚ್ಚಿದವರು, ಟೋಪಿ ಹಾಕಿದವರು ಒಂದೇ ಹೋಟೆಲಿನಲ್ಲಿ ಚಹಾ ಕುಡೀತಾರೆ. ಊರಲ್ಲಿ ಯಾರೂ "ಇದು ಯಾಕೆ" ಅಂತ ಕೇಳೋದಿಲ್ಲ. ಕೇಳೋದು ಕೆಲಸದ ಜಾಗದಲ್ಲಿ.

ನಮ್ಮಣ್ಣ ಹೈದರಾಬಾದಿನ ಒಂದು ಖಾಸಗಿ ಸಂಸ್ಥೆಯಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ. ಒಂದು ವರ್ಷ 41 ದಿನಗಳ ದೀಕ್ಷೆ ಹಿಡಿದ. ಎರಡನೇ ವಾರಕ್ಕೆ ಸೂಪರ್‌ವೈಸರ್ "ಗಡ್ಡ ತೆಗೆದು ಬಾ, ಇಲ್ಲಾಂದ್ರೆ ಬರಬೇಡ" ಅಂದ. ಅಣ್ಣ ಮಾಲೆ ಇಳಿಸಲಿಲ್ಲ, ಕೆಲಸ ಬಿಟ್ಟ. ಮನೆಗೆ ಬಂದವನ ಸಿಟ್ಟು ಇದ್ದದ್ದು ಮಾತ್ರ ಸೂಪರ್‌ವೈಸರ್ ಮೇಲಲ್ಲ, ಜೊತೆಗಾರ ಮುಸ್ಲಿಂ ಗಾರ್ಡ್ ಮೇಲೆ. "ಅವನ ಗಡ್ಡ ನಡೀತದ, ನಂದು ನಡೆಯಲ್ಲ." ತಿಂಗಳುಗಳ ನಂತರ ಗೊತ್ತಾಯಿತು, ಆ ಜೊತೆಗಾರನಿಗೂ ಅದೇ ವಾರ ಅದೇ ಮಾತು ಹೇಳಿದ್ದರಂತೆ. ಅವನು ಗಡ್ಡ ಕತ್ತರಿಸಿಕೊಂಡು ಸುಮ್ಮನೆ ಕೆಲಸಕ್ಕೆ ಹೋಗಿದ್ದ. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಈ ಪ್ರಬಂಧ ಶುರುವಾದದ್ದು ಅಲ್ಲಿಂದ.

2. ತೀರ್ಪು ಏನು ಹೇಳುತ್ತದೆ

ಕೆಲಸದ ಜಾಗದ ಗಡ್ಡದ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ತೀರ್ಪು ಮೊಹಮ್ಮದ್ ಜುಬೇರ್ ವಿರುದ್ಧ ಭಾರತ ಒಕ್ಕೂಟ, 15 ಡಿಸೆಂಬರ್ 2016. ವಾಯುಪಡೆಯ ಸಿಬ್ಬಂದಿಯೊಬ್ಬರು ಧಾರ್ಮಿಕ ಕಾರಣಕ್ಕೆ ಗಡ್ಡ ಬಿಡಲು ಅನುಮತಿ ಕೇಳಿದ್ದರು, ಸಿಗಲಿಲ್ಲ, ಕೊನೆಗೆ ಸೇವೆಯಿಂದ ಬಿಡುಗಡೆಯಾದರು. ವಾಯುಪಡೆಯ 425ನೇ ನಿಯಮದ ಪ್ರಕಾರ, ಕೂದಲು ಕತ್ತರಿಸುವುದನ್ನು ಅಥವಾ ಮುಖಕ್ಷೌರವನ್ನು ಯಾರ ಧರ್ಮ ನಿಷೇಧಿಸುತ್ತದೋ ಅವರಿಗೆ ವಿನಾಯಿತಿ ಉಂಟು. ನ್ಯಾಯಾಲಯ ವಕೀಲರನ್ನು ಕೇಳಿತು: ಇಸ್ಲಾಮಿನಲ್ಲಿ ಅಂಥ ಸ್ಪಷ್ಟ ನಿಷೇಧ ಇದೆಯೇ? ಬೇರೆ ಬೇರೆ ವ್ಯಾಖ್ಯಾನಗಳಿವೆ, ಗಡ್ಡ ಬಿಡುವುದು ಅಪೇಕ್ಷಣೀಯ ಎಂಬುದು ಅವುಗಳಲ್ಲೊಂದು ಎಂಬ ಉತ್ತರ ಬಂತು. ಅರ್ಜಿ ವಜಾ ಆಯಿತು.

ತೀರ್ಪಿಗೆ ನ್ಯಾಯ ಸಲ್ಲಿಸಿಯೇ ಮುಂದೆ ಹೋಗಬೇಕು. ಇದು ಸೈನ್ಯದ ವಿಷಯ. ಸಶಸ್ತ್ರ ಪಡೆಗಳ ಮಟ್ಟಿಗೆ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ನಿಯಮದಲ್ಲಿ 'ನಿಷೇಧ' ಎಂಬ ಪದವೂ ಇತ್ತು. ಆದರೂ ನನಗೆ ಎರಡು ತಕರಾರು ಇವೆ.

3. ನನ್ನ ತಕರಾರು

ಮೊದಲನೆಯದು, ಇಲ್ಲಿ ಪ್ರಾಮಾಣಿಕ ಉತ್ತರವೇ ಸೋಲಿಗೆ ಕಾರಣವಾಯಿತು. 'ನಮ್ಮಲ್ಲಿ ಭಿನ್ನ ಅಭಿಪ್ರಾಯಗಳಿವೆ' ಎಂದು ಒಪ್ಪಿಕೊಳ್ಳುವ ಧರ್ಮಕ್ಕೆ ರಕ್ಷಣೆ ಕಡಿಮೆ, 'ಇದು ಕಟ್ಟಾಜ್ಞೆ' ಎನ್ನುವ ಧರ್ಮಕ್ಕೆ ಹೆಚ್ಚು. ಈ ಅಳತೆಗೋಲಲ್ಲಿ ನಮ್ಮಣ್ಣನೂ ಗೆಲ್ಲೋದಿಲ್ಲ. ಅಯ್ಯಪ್ಪ ದೀಕ್ಷೆ ತಾನಾಗಿ ಹೊತ್ತ ಹರಕೆ, ಯಾರೂ ವಿಧಿಸಿದ್ದಲ್ಲ. ಆದರೆ ಹೊತ್ತ ಮೇಲೆ ನಡುವೆ ಬಿಡೋದು ಎಷ್ಟು ಭಾರ ಅಂತ ಹೊತ್ತವರಿಗೇ ಗೊತ್ತು. ಐಚ್ಛಿಕ ಎಂದರೆ ಹಗುರ ಎಂದಲ್ಲ.

ಎರಡನೆಯದು, ವಾಯುಪಡೆಯ ನೀತಿಯಲ್ಲೇ 1 ಜನವರಿ 2002ಕ್ಕಿಂತ ಮೊದಲು ಗಡ್ಡದೊಂದಿಗೆ ಸೇರಿದ ಮುಸ್ಲಿಂ ಸಿಬ್ಬಂದಿಗೆ ಅದನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ಸಿಖ್ಖರ ಗಡ್ಡವಂತೂ ಇದ್ದೇ ಇದೆ. ಹಾಗಾದರೆ ಶಿಸ್ತು ಮತ್ತು ಒಗ್ಗಟ್ಟಿಗೆ ಈ ಒಂದು ಗಡ್ಡದಿಂದ ಏನು ಧಕ್ಕೆ? ತೀರ್ಪು ಈ ಪ್ರಶ್ನೆಯಲ್ಲಿ ನಿಲ್ಲಲೇ ಇಲ್ಲ. ಧರ್ಮದ ಬಗ್ಗೆ ಸಾಕ್ಷ್ಯ ಕೇಳಿದಷ್ಟು ಬಿಗಿಯಾಗಿ ತೊಂದರೆಯ ಬಗ್ಗೆ ಸಾಕ್ಷ್ಯ ಕೇಳಲಿಲ್ಲ.

ಇದೇ ರೀತಿಯ ಪ್ರಶ್ನೆ 2022ರ ಮಾರ್ಚ್ 15ರ ಕರ್ನಾಟಕ ಹೈಕೋರ್ಟಿನ ಹಿಜಾಬ್ ತೀರ್ಪಿನಲ್ಲೂ ಬಂತು: ಇದು ಅತ್ಯಗತ್ಯ ಆಚರಣೆಯೇ? ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಇಬ್ಭಾಗವಾದಾಗ, ನ್ಯಾ. ಸುಧಾಂಶು ಧುಲಿಯಾ ಆ ಪ್ರಶ್ನೆಯೇ ಬೇಕಿರಲಿಲ್ಲ ಎಂದರು. ನನ್ನ ಓದು ಆ ಕಡೆಗೆ ವಾಲುತ್ತದೆ.

4. ವಿದ್ಯಾರ್ಥಿಯಿಂದ ನೌಕರಳವರೆಗೆ

ಹೈಕೋರ್ಟಿನ 2022ರ ಫೆಬ್ರವರಿ 10ರ ಮಧ್ಯಂತರ ಆದೇಶ ವಿದ್ಯಾರ್ಥಿಗಳ ಕುರಿತದ್ದು, ಅದೂ ಸಮವಸ್ತ್ರ ನಿಗದಿಯಾದ ಕಾಲೇಜುಗಳ ತರಗತಿಗೆ ಸೀಮಿತ. ಆದರೆ ಅದೇ ತಿಂಗಳು ತುಮಕೂರಿನ ಖಾಸಗಿ ಪಿಯು ಕಾಲೇಜಿನ ಅತಿಥಿ ಉಪನ್ಯಾಸಕಿಯೊಬ್ಬರು, ಹಿಜಾಬ್ ತೆಗೆಯಲು ಹೇಳಿದ್ದರಿಂದ ಆತ್ಮಗೌರವಕ್ಕೆ ಧಕ್ಕೆಯಾಯಿತೆಂದು ರಾಜೀನಾಮೆ ಕೊಟ್ಟರು. ಹಾಗೆ ಹೇಳಿಲ್ಲ ಎಂದು ಕಾಲೇಜಿನವರು ಅಂದರು. ಯಾರು ಸರಿ ಎನ್ನುವುದಕ್ಕಿಂತ ನನಗೆ ಮುಖ್ಯ ಅನಿಸಿದ್ದು, ಅಲ್ಲಿ ಕೇಳಲು ಒಂದು ಲಿಖಿತ ದಾರಿಯೇ ಇರಲಿಲ್ಲ ಎಂಬುದು. ಸಂವಿಧಾನದ 16(2) ಧರ್ಮದ ಆಧಾರದ ತಾರತಮ್ಯವನ್ನು ಸರ್ಕಾರಿ ನೌಕರಿಯಲ್ಲಿ ತಡೆಯುತ್ತದೆ. ಖಾಸಗಿ ಸಂಸ್ಥೆಯ ಬಾಗಿಲಲ್ಲಿ ಅದು ನಿಂತುಬಿಡುತ್ತದೆ.

ಸರ್ಕಾರಿ ಕಡೆಯೂ ಎಲ್ಲ ಸರಳ ಇಲ್ಲ. ನಮ್ಮ ತೆಲಂಗಾಣ ಸರ್ಕಾರ 2025ರ ರಂಜಾನ್ ತಿಂಗಳಲ್ಲಿ ಮುಸ್ಲಿಂ ನೌಕರರಿಗೆ ಸಂಜೆ 4ಕ್ಕೆ ಹೊರಡಲು ಅನುಮತಿ ಕೊಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಅಯ್ಯಪ್ಪ ದೀಕ್ಷೆಯಲ್ಲಿದ್ದ ಹೈದರಾಬಾದಿನ ಸಬ್ ಇನ್ಸ್‌ಪೆಕ್ಟರ್ ಒಬ್ಬರಿಗೆ ಮೆಮೊ ಹೋಯಿತು. ರಾಜಕೀಯದವರು ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಹಚ್ಚಿದರು. ಹೊತ್ತು ಬೇರೆ, ಪೊಲೀಸ್ ಸಮವಸ್ತ್ರ ಬೇರೆ. ನೇರ ಹೋಲಿಕೆ ಆಗೋದಿಲ್ಲ. ಆದರೆ ಎಲ್ಲರಿಗೂ ಅನ್ವಯವಾಗುವ ತತ್ವ ಇಲ್ಲದಾಗ ಪ್ರತಿ ಅನುಮತಿಯೂ ಓಲೈಕೆಯಂತೆ, ಪ್ರತಿ ನಿರಾಕರಣೆಯೂ ದ್ವೇಷದಂತೆ ಕಾಣುತ್ತದೆ. ನಮ್ಮಣ್ಣನಿಗೆ ಆದದ್ದೂ ಅದೇ.

5. ಬೇರೆ ಪ್ರಶ್ನೆ

ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ. ತಲೆವಸ್ತ್ರದ ಕಾರಣಕ್ಕೆ ಕೆಲಸ ನಿರಾಕರಿಸಿದ ಅಬರ್‌ಕ್ರಾಂಬಿ ಬಟ್ಟೆ ಕಂಪನಿಯ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. 2023ರ ಗ್ರಾಫ್ ಪ್ರಕರಣದಲ್ಲಿ, ವಿನಾಯಿತಿ ಕೊಟ್ಟರೆ ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆಂದು ಮಾಲೀಕನೇ ತೋರಿಸಬೇಕು ಎಂದಿತು. ಅಲ್ಲಿಯದ್ದನ್ನು ಇಲ್ಲಿ ಅಂಟಿಸಬೇಕು ಅಂತ ನಾನು ಹೇಳ್ತಿಲ್ಲ. ಪ್ರಶ್ನೆ ತಿರುಗಿದ್ದನ್ನು ಗಮನಿಸಿ: 'ನಿನ್ನ ಧರ್ಮ ಹೇಳುತ್ತದೆಯೇ' ಅಲ್ಲ, 'ಕೆಲಸಕ್ಕೆ ಏನು ತೊಂದರೆ'.

ಈ ತರ್ಕ ನಮಗೆ ಹೊಸದೇನಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್, ಚಲಿಸುವ ಯಂತ್ರ ಪರಿಶೀಲಿಸುವವನಿಗೆ ಮೈಗಂಟುವ ಬಟ್ಟೆ ಬೇಕು, ಅದನ್ನು ಮಾಲೀಕನೇ ಕೊಡಬೇಕು ಎನ್ನುತ್ತಿತ್ತು. ತಾಂಡೂರಿನ ಕಲ್ಲು ಪಾಲಿಶ್ ಘಟಕದಲ್ಲಿ ತಿರುಗುವ ಚಕ್ರದ ಬಳಿ ಜೋಲುವ ಮಾಲೆಯೂ ಬೇಡ, ದುಪಟ್ಟಾವೂ ಬೇಡ, ಶಲ್ಯವೂ ಬೇಡ. ಇಲ್ಲಿ ನಾನು ಮಾಲೀಕನ ಪಕ್ಷ. ಅಣ್ಣನ ವಿಷಯಕ್ಕೆ ಇದೇ ತಕ್ಕಡಿ ಹಿಡಿದರೆ? ಕಪ್ಪು ಬಟ್ಟೆ ಬೇಡ, ಗಾರ್ಡ್ ಯಾರೆಂದು ಜನಕ್ಕೆ ತಿಳಿಯಬೇಕು. ರಾತ್ರಿ ಗಸ್ತಿಗೆ ಬರಿಗಾಲು ಬೇಡ. ಮಾಲೆ ಅಂಗಿಯೊಳಗೆ ಇರಲಿ. ಗಡ್ಡ? ಗೇಟಿನಲ್ಲಿ ನಿಲ್ಲುವವನ ಗಡ್ಡದಿಂದ ಯಾರಿಗೂ ಏನೂ ಆಗೋದಿಲ್ಲ. ಅಣ್ಣ ಅರ್ಧ ಸೋಲ್ತಿದ್ದ, ಕೆಲಸ ಉಳೀತಿತ್ತು. ಜೊತೆಗಾರನ ಗಡ್ಡವೂ ಉಳೀತಿತ್ತು.

6. ಚಾಟ್‌ನಲ್ಲಿ ಬಂದ ಪ್ರಶ್ನೆ

"ಎಲ್ಲರಿಗೂ ಒಂದೇ ಸಮವಸ್ತ್ರ ಇದ್ದರೆ ತಾರತಮ್ಯವೇ ಇರೋದಿಲ್ಲವಲ್ಲ?" ಎಂದು ಗೆಳೆಯರೊಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಆದರೆ ಒಂದೇ ಎನ್ನುವ ನಿಯಮದಲ್ಲೂ ಕೆಲವು ಗುರುತು ಕಣ್ಣಿಗೆ ಬೀಳೋದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2023ರ ನವೆಂಬರಿನ ನೇಮಕಾತಿ ಪರೀಕ್ಷೆಗೆ ಹೊರಡಿಸಿದ ಸೂಚನೆಯಲ್ಲಿ ತಲೆ, ಕಿವಿ ಮುಚ್ಚುವ ಉಡುಪಿಗೆ ತಡೆ ಇತ್ತು, ಮಾಂಗಲ್ಯ ಮತ್ತು ಕಾಲುಂಗುರಕ್ಕೆ ವಿನಾಯಿತಿ ಇತ್ತು. ಬ್ಲೂಟೂತ್ ನಕಲು ತಡೆಯುವ ಕಾರಣ ನಿಜವಾದದ್ದೇ. ಆದರೆ ಅದಕ್ಕೆ ತಪಾಸಣೆ ಸಾಕಾಗುತ್ತಿತ್ತೇ ಎಂದು ಕೇಳಬಹುದಲ್ಲ? ಹಾಗೆ ಕೇಳುವ ದಾರಿ ನಿಯಮದೊಳಗೇ ಇರಬೇಕು ಎಂಬುದಷ್ಟೇ ನನ್ನ ವಾದ.

ಅಣ್ಣ ಈಗ ತಾಂಡೂರಿನಲ್ಲಿ ಆಟೊ ಓಡಿಸ್ತಾನೆ. ದೀಕ್ಷೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಪಿಎಫ್ ಇಲ್ಲ, ರಜೆಯೂ ಇಲ್ಲ. ಹಳೆಯ ಜೊತೆಗಾರ ವರ್ಷಕ್ಕೊಮ್ಮೆ ಫೋನ್ ಮಾಡ್ತಾನೆ. ಇಷ್ಟು ಹೇಳಿ ಮುಗಿಸ್ತೀನಿ.