ಬೇಲೂರಿನ ಅಳತೆಗೋಲಿಗೆ ಸಿಗದ ಗುಡಿಗಳು

ಹಳೆ ಮೈಸೂರು ಸೀಮೆಯ ದೇವಾಲಯಗಳೆಂದರೆ ನಮ್ಮ ಕಣ್ಣು ಮೊದಲು ಓಡುವುದು ಹೊಯ್ಸಳರ ಕಡೆಗೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917 ಮತ್ತು 1919ರಲ್ಲಿ ಹೊರತಂದ ಮೂರು ಹೊತ್ತಗೆಗಳೂ ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ಮೇಲಿನವು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಬೇಲೂರು, ಹಳೇಬೀಡು, ಸೋಮನಾಥಪುರಗಳೇ. ಆ ಗೌರವ ಸಲ್ಲಬೇಕಾದದ್ದೇ. ಆದರೆ ಅದೇ ಅಳತೆಗೋಲು ಹಿಡಿದು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗುಡಿಗಳ ಮುಂದೆ ನಿಂತರೆ ಗೋಡೆ ಬೋಳು, ಕಂಬ ಒರಟು ಎನ್ನುವುದಷ್ಟೇ ಹೊಳೆಯುತ್ತದೆ. ಇಲ್ಲಿನ ಗುಡಿಗಳಿಗೆ ಬೇರೆಯದೇ ನೋಟ ಬೇಕು.

ಮೊದಲು ಕಲ್ಲನ್ನು ನೋಡಬೇಕು. ಹೊಯ್ಸಳ ಶಿಲ್ಪಿಯ ಕೈಗೆ ಸಿಕ್ಕಿದ್ದು ಬಳಪದ ಕಲ್ಲು. ಕಡಿಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಚಾಮರಾಜನಗರದ ನೆಲ ಕೊಡುವುದು ಉಳಿಯನ್ನೇ ಮೊಂಡು ಮಾಡುವ ಗಟ್ಟಿ ಕಲ್ಲನ್ನು. ಇಲ್ಲಿನ ಕರಿಕಲ್ಲು ಇಂದು ಹೊರದೇಶಗಳಿಗೆ ಹೋಗುತ್ತದೆ. ಇಂಥ ಕಲ್ಲಿನಲ್ಲಿ ಕೂದಲೆಳೆಯ ಕುಸುರಿಗೆ ಎಡೆ ಕಡಿಮೆ. ಹಾಗಾಗಿ ಇಲ್ಲಿಯವರು ಅಧಿಷ್ಠಾನದ ಪಟ್ಟಿಕೆ, ಗೋಡೆಯ ಅರೆಗಂಬ, ನೆರಳು ಬೀಳುವ ಕಪೋತ ಇವುಗಳಲ್ಲೇ ಕಟ್ಟಡದ ಅಂದ ಕಂಡುಕೊಂಡರು. ತುಂಬು ಶಿಲ್ಪ ಬೇಕೆನಿಸಿದಾಗ ಇಟ್ಟಿಗೆ, ಗಾರೆಗಳಿಗೆ ಕೈಹಾಕಿದರು.

ಚಾಮರಾಜನಗರ ತಾಲ್ಲೂಕಿನ ನರಸಮಂಗಲದ ರಾಮಲಿಂಗೇಶ್ವರ ಗುಡಿಯಷ್ಟು ಚೆನ್ನಾಗಿ ಇದನ್ನು ತೋರಿಸುವ ಕಟ್ಟಡ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಗಂಗರ ಕಾಲದ್ದು, ಸುಮಾರು 9ನೇ ಶತಮಾನದ್ದು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆಯ ವಿಮಾನ, ಅದರ ಮೈಮೇಲೆ ಗಾರೆಯ ಮೂರ್ತಿಗಳು. ಗಾರೆ ಮಳೆಗೆ ಕರಗುವ, ಬಿಸಿಲಿಗೆ ಬಿರಿಯುವ ಮಾಧ್ಯಮ. ಸಾವಿರ ವರ್ಷದ ಹಿಂದಿನ ಕೈಕೆಲಸ ಅದರಲ್ಲಿ ಇಷ್ಟಾದರೂ ಉಳಿದಿರುವುದೇ ದೊಡ್ಡದು. ಆ ಮೂರ್ತಿಗಳಲ್ಲಿ ಒಡವೆಯ ಭಾರವಿಲ್ಲ. ಭುಜದ ದುಂಡು, ಸೊಂಟದ ಬಾಗು, ಕೂತ ಭಂಗಿಯ ಸಡಿಲ ಮೊದಲು ಕಾಣುತ್ತವೆ. ಆವರಣದಲ್ಲೇ ಇರುವ ಸಪ್ತಮಾತೃಕೆಯರದೂ ಅದೇ ಗುಣ. ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನು ಕೆತ್ತಿ ಹೋದ. ಇಲ್ಲಿ ಗಾರೆ ಮೆತ್ತಿದವನ ಹೆಸರು ನಮಗೆ ದಕ್ಕಿಲ್ಲ. ಕಲೆಯ ತೂಕದಲ್ಲಿ ಇವನನ್ನು ಅವನಿಗಿಂತ ಕೆಳಗಿಡಲು ನಾನು ಒಪ್ಪುವುದಿಲ್ಲ.

ಇದು ಗಡಿಸೀಮೆ ಎಂಬುದನ್ನೂ ಮರೆಯಬಾರದು. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ಇಲ್ಲಿ ಬಸದಿ ಕಟ್ಟಿಸಿದ. ಅವನ ಶಾಸನ ತೊದವರು, ಕೊಂಗರು, ಮಲೆಯಾಳರ ಮೇಲಿನ ಗೆಲುವನ್ನು ಹೇಳುತ್ತಲೇ, ಕೆಟ್ಟುಹೋದ ವ್ಯಾಪಾರಿಗೂ ಬಿತ್ತನೆಯಿಲ್ಲದ ರೈತನಿಗೂ ಅವನು ನೆರವಾದದ್ದನ್ನು ಹೇಳುತ್ತದೆ. ಮುಂದೆ ತೆರಕಣಾಂಬಿಯಿಂದ ಆಳಿದ ಪೆರುಮಾಳೆ ದಂಡನಾಯಕ, ಅವನ ಮಗ ಮಾಧವ ದಂಡನಾಯಕರು ‘ನೀಲಗಿರಿ ಸಾಧಾರ’ ಎಂಬ ಬಿರುದು ಹೊತ್ತವರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿ 1315ರ ಸುಮಾರಿನಲ್ಲಿ ಎದ್ದದ್ದು ಈ ಮನೆತನದ ಕಾಲದಲ್ಲೇ. ಘಟ್ಟದ ದಾರಿ ಕಾಯುವ ಈ ದೊರೆಗಳ ಗುಡಿಗಳಲ್ಲಿ ತಮಿಳುನಾಡಿನ ಕಟ್ಟಡದ ಬಿಗಿಯೂ ಕನ್ನಡ ನಾಡಿನ ನವರಂಗವೂ ಬೆರೆತಿವೆ. ಈ ಬೆರಕೆಯನ್ನು ಕೊರತೆ ಎಂದು ಎಣಿಸಿದರೆ ಈ ಸೀಮೆಯ ಚರಿತ್ರೆಯನ್ನೇ ಕೊರತೆ ಎಂದಂತೆ.

ಹಾಗೆಂದು ಎಲ್ಲವನ್ನೂ ಹೊಗಳಲಾಗದು. ವಿಜಯನಗರದ ಕಾಲಕ್ಕೂ ಅದರ ನಂತರಕ್ಕೂ ಬಂದರೆ ಒಂದೇ ಅಚ್ಚಿನ ಕಂಬಗಳು, ಒಂದೇ ಹನುಮ, ಒಂದೇ ಗರುಡ ಊರಿಂದೂರಿಗೆ ಮರುಕಳಿಸುತ್ತವೆ. ನೆರೆಯ ಯಳಂದೂರಿನ ಬಳೆಮಂಟಪದಲ್ಲಿ ಗಟ್ಟಿ ಕಲ್ಲಿನಲ್ಲೇ ಸರಪಳಿಯ ಬಳೆ ಕಡಿದ ಕೈಚಳಕ ಬೆರಗು ಹುಟ್ಟಿಸುತ್ತದೆ. ಆದರೆ ಅದು ಕಲ್ಲನ್ನು ಮಣಿಸಿದ ಸಾಹಸ, ನರಸಮಂಗಲದ ಗಾಂಭೀರ್ಯ ಅದರಲ್ಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ 1826ರಲ್ಲಿ ಚಾಮರಾಜನಗರದಲ್ಲಿ ಕಟ್ಟಿಸಿದ ಚಾಮರಾಜೇಶ್ವರ ಗುಡಿ ವಿಸ್ತಾರದಲ್ಲಿ ದೊಡ್ಡದು. ಆಷಾಢದ ತೇರಿಗೆ ಹೊಸ ಜೋಡಿಗಳು ಹಣ್ಣು ಜವನ ಎಸೆಯುವ ಆ ದಿನ ಅದರ ಅಂಗಳಕ್ಕೆ ಅರ್ಥ ಬರುತ್ತದೆ. ಶಿಲ್ಪವಾಗಿ ಅದು ಹಳೆಯದರ ಮರುಪಾಠ ಎನ್ನದೆ ವಿಧಿಯಿಲ್ಲ.

ತಪ್ಪು ಅಳತೆಗೋಲಿನ ಈ ಕಥೆ ಬೇರೆಡೆಯೂ ಇದೆ. ಫ್ರಾನ್ಸಿನ ಬರ್ಗಂಡಿಯಲ್ಲಿ ದ್ರಾಕ್ಷಿತೋಟಗಳ ನಾಡಿನ ಹಳ್ಳಿಗಳಲ್ಲಿ 11, 12ನೇ ಶತಮಾನದ ರೋಮನೆಸ್ಕ್ ಚರ್ಚುಗಳಿವೆ. ದಪ್ಪ ಗೋಡೆ, ಸಣ್ಣ ಕಿಟಕಿ, ಸ್ಥಳದ್ದೇ ಕಲ್ಲು. ಗಾಥಿಕ್ ಕಟ್ಟಡಗಳ ಎತ್ತರದ ಮುಂದೆ ಇವನ್ನು ಬಹುಕಾಲ ಮೊದಲ ಮೆಟ್ಟಿಲು ಎಂದಷ್ಟೇ ಕಂಡರು. 1950ರ ದಶಕದಿಂದ ಪಿಯೆರ್ ಕಿ ವೀರ್ ಮಠದ ಸನ್ಯಾಸಿಗಳು ‘ಝೋಡಿಯಾಕ್’ ಮುದ್ರೆಯಲ್ಲಿ ಒಂದೊಂದು ಸೀಮೆಗೂ ಒಂದೊಂದು ಸಂಪುಟ ಹೊರತಂದು, ಕಪ್ಪುಬಿಳುಪು ಚಿತ್ರಗಳಲ್ಲಿ ಆ ಗೋಡೆಗಳ ಮೇಲಿನ ಬೆಳಕನ್ನು ಓದುಗರಿಗೆ ತೋರಿಸಿದರು. ನಮ್ಮಲ್ಲಿ ಶಾಸನತಜ್ಞ ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 4ನೇ ಸಂಪುಟ 1898ರಲ್ಲೇ ಈ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಮಾಡಿತು. ಅಕ್ಷರಕ್ಕೆ ಸಿಕ್ಕ ಆ ಶ್ರದ್ಧೆ ಅಕ್ಷರ ಹೊತ್ತ ಗೋಡೆಗೆ ಸಿಗಲಿಲ್ಲ.

ಈಗ ಊರವರ ಭಕ್ತಿಯೇ ಕೆಲವೆಡೆ ಹಾನಿ ಮಾಡುತ್ತಿದೆ. ಜೀರ್ಣೋದ್ಧಾರವೆಂದರೆ ಕಂಬಕ್ಕೆ ಆಯಿಲ್ ಪೇಂಟ್, ನೆಲಕ್ಕೆ ಟೈಲ್ಸ್, ಬಿರುಕಿಗೆ ಸಿಮೆಂಟು ಎಂದಾಗಿದೆ. ಗಟ್ಟಿ ಕಲ್ಲು ಇದನ್ನು ತಾಳಿಕೊಂಡೀತು. ಬಣ್ಣವನ್ನು ನಾಳೆ ತೆಗೆಯಬಹುದು. ಗಾರೆ ತಾಳದು. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ನಿಂತು ಇಟ್ಟಿಗೆಯನ್ನು ತಿನ್ನುತ್ತದೆ, ಮೂರ್ತಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಆದ್ದರಿಂದ ಈ ಸೀಮೆಯ ಗುಡಿಗಳ ರಕ್ಷಣೆಗೆ ಹಣಕ್ಕಿಂತ ಮೊದಲು ಬೇಕಾದವರು ಸುಣ್ಣ ಕೊಳೆಸಿ, ಅರೆದು, ಹದ ಮಾಡಿ ಗಾರೆ ಕಟ್ಟಬಲ್ಲ ಕೆಲಸಗಾರರು.